ಜಡಿಮಳೆಯ ನಾಡಿನಲ್ಲಿ ಕ್ಷೌರದ ಅಲಗನ್ನು ಕಾಯುವ ಬಗೆ

ಆಷಾಢದ ಒಂದು ಬೆಳಿಗ್ಗೆ ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಬಚ್ಚಲಿನ ಗೂಡಿನಿಂದ ಅಜ್ಜನ ಕಾಲದ ಕ್ಷೌರದ ಕತ್ತಿಯನ್ನು ತೆಗೆದು ಬಿಚ್ಚಿದಾಗ, ಅಲಗಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಕಂದು ಬಣ್ಣದಲ್ಲಿ ಮೂಡಿರುವುದು ಕಾಣಿಸಿತು. ಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿನಂತೆ ಗೆರೆಗಳೆಲ್ಲ ಸ್ಪಷ್ಟವಾಗಿದ್ದವು. ಮೂರು ದಿನಗಳ ಹಿಂದೆ ಅದನ್ನು ತೊಳೆದು, ಟವೆಲ್ಲಿನಿಂದ ಒರೆಸಿ, ಒಣಗಿದೆ ಎಂದು ನಂಬಿಯೇ ಇಟ್ಟಿದ್ದೆ. ಮಡಚುವಾಗ ಅಲಗಿಗೆ ಬೆರಳು ತಾಗಿದ್ದಷ್ಟೇ. ಆ ಮೂರು ದಿನಗಳಲ್ಲಿ ಕತ್ತಿಯ ಮೇಲೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಹಾಗಾದರೆ ತುಕ್ಕಿಗೆ ಬೇಕಾದ ನೀರು ಬಂದದ್ದೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ, ರೇಜರನ್ನು ಇಡುವ ವಿಚಾರದಲ್ಲಿ ನಾವು ಸಾಮಾನ್ಯವಾಗಿ ಪಾಲಿಸುವ ಅಭ್ಯಾಸಗಳಲ್ಲಿ ಅರ್ಧದಷ್ಟು ಬಯಲುಸೀಮೆಗೆ ಹೊಂದುವಂಥವು, ಮಲೆನಾಡಿನ ಮಳೆಗಾಲಕ್ಕೆ ಸಾಲದಂಥವು ಎಂಬುದು ನನಗೆ ಮನವರಿಕೆಯಾಯಿತು.

ರೇಜರನ್ನು ನಾವು ಬಳಸುವುದು ದಿನಕ್ಕೆ ಹೆಚ್ಚೆಂದರೆ ಐದು ನಿಮಿಷ. ಉಳಿದ 23 ಗಂಟೆ 55 ನಿಮಿಷ ಅದು ಎಲ್ಲಿ, ಎಂಥ ಗಾಳಿಯಲ್ಲಿ, ಎಷ್ಟು ಒಣಗಿದ ಸ್ಥಿತಿಯಲ್ಲಿ ಇರುತ್ತದೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ. ಚಿತ್ರದುರ್ಗದ ಕಡೆಯ ಮನೆಯಲ್ಲಿ ಕೊಡವಿ ಇಟ್ಟ ರೇಜರು ಸ್ನಾನ ಮುಗಿಸಿ ಬರುವಷ್ಟರಲ್ಲಿ ತಾನಾಗಿಯೇ ಒಣಗಿರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತಾನಾಗಿ ಒಣಗುವುದಿಲ್ಲ, ನಾವೇ ಒಣಗಿಸಬೇಕು. ಈ ಲೇಖನ ಹೇಳಬಯಸುವುದು ಮುಖ್ಯವಾಗಿ ಇದನ್ನೇ. ಉಳಿದದ್ದೆಲ್ಲ ಅದು ಏಕೆ ಹಾಗೆ ಮತ್ತು ಹೇಗೆ ಮಾಡಬೇಕು ಎಂಬುದರ ವಿವರ.

ತುಕ್ಕೆಂದರೆ ಕಬ್ಬಿಣ, ನೀರು ಮತ್ತು ಗಾಳಿಯ ಆಮ್ಲಜನಕ ಈ ಮೂರೂ ಸೇರಿ ಆಗುವ ಪದಾರ್ಥ. ಮಲೆನಾಡಿನವರಿಗೆ ಅದರ ಪರಿಚಯ ಮಾಡಿಸಬೇಕಾಗಿಲ್ಲ, ಏಕೆಂದರೆ ನಮ್ಮ ಅಂಗಳದ ಕೆಂಪು ಮಣ್ಣಿಗೂ ಜಂಬಿಟ್ಟಿಗೆ ಕಲ್ಲಿಗೂ ಆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡುಗಳೇ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಆ ಕೆಂಪು ಇದೆ. ಅಲ್ಲಿ ಅಗೆದ ಅದಿರನ್ನೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ದಶಕಗಳ ಕಾಲ ಕುಲುಮೆಗೆ ಹಾಕಿ, ಇದ್ದಿಲಿನ ಶಾಖದಿಂದ ಅದರೊಳಗಿನ ಆಮ್ಲಜನಕವನ್ನು ಬಿಡಿಸಿ ಕಬ್ಬಿಣ ತೆಗೆಯುತ್ತಿತ್ತು. ಅಷ್ಟೊಂದು ಶಾಖ ವ್ಯಯಿಸಿ ಬಿಡಿಸಿದ ಲೋಹ ಅವಕಾಶ ಸಿಕ್ಕಿದೊಡನೆ ಮತ್ತೆ ಆಮ್ಲಜನಕವನ್ನು ಸೇರಿ ಮಣ್ಣಿನ ರೂಪಕ್ಕೆ ಮರಳಲು ನೋಡುತ್ತದೆ. ಆ ಅವಕಾಶವನ್ನು ಒದಗಿಸುವುದು ನೀರು.

ಉಕ್ಕಿನ ಮೇಲೆ ಕುಳಿತ ಒಂದು ಹನಿಯನ್ನೇ ತೆಗೆದುಕೊಳ್ಳೋಣ. ಹನಿಯ ಅಂಚಿನಲ್ಲಿ ನೀರು ತೆಳು, ಆದ್ದರಿಂದ ಗಾಳಿಯ ಆಮ್ಲಜನಕ ಅಲ್ಲಿ ಬೇಗ ಕರಗಿ ಲೋಹವನ್ನು ತಲುಪುತ್ತದೆ. ನಡುವಿನಲ್ಲಿ ನೀರು ದಪ್ಪ, ಅಲ್ಲಿಗೆ ಆಮ್ಲಜನಕ ತಲುಪುವುದು ತಡ. ಈ ವ್ಯತ್ಯಾಸದಿಂದಾಗಿ ಆ ಹನಿ ಪುಟ್ಟ ಬ್ಯಾಟರಿಯಾಗುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದ ಒಳಗಿನಿಂದಲೇ ಹರಿದು ಅಂಚಿಗೆ ಬಂದು ಅಲ್ಲಿನ ಆಮ್ಲಜನಕದ ಪಾಲಾಗುತ್ತವೆ. ಕರಗಿದ ಕಬ್ಬಿಣವೂ ಅಂಚಿನಲ್ಲಿ ಹುಟ್ಟಿದ ಅಯಾನುಗಳೂ ಸಂಧಿಸುವ ಜಾಗದಲ್ಲಿ ತುಕ್ಕು ಉಂಗುರದಂತೆ ಕೂರುತ್ತದೆ. ಹನಿ ಆರಿದ ಮೇಲೆ ನಮ್ಮ ಕಣ್ಣಿಗೆ ಬೀಳುವುದು ಆ ಉಂಗುರ, ಆದರೆ ಲೋಹ ತಿಂದುಹೋಗಿರುವುದು ಉಂಗುರದ ಒಳಗಡೆ. ಉಪ್ಪು ಸೇರಿದರೆ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿದು ಈ ಕೆಲಸವೆಲ್ಲ ಚುರುಕಾಗುತ್ತದೆ. ಕ್ಷೌರದ ನೊರೆಯಲ್ಲಿ ಬೆವರಿನ ಉಪ್ಪು ಇದ್ದೇ ಇರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ನನ್ನ ಹೆಬ್ಬೆರಳಿನ ಗುರುತಿಗೆ ಕಾರಣವೂ ಉಪ್ಪೇ. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ಎಷ್ಟು ಪಾಲು ಈಗಾಗಲೇ ತುಂಬಿದೆ ಎಂಬ ಲೆಕ್ಕ, ಶೇಕಡಾ 60ರ ಸುತ್ತಮುತ್ತ ದಾಟಿತೆಂದರೆ, ನೋಡಲು ಒಣಗಿದಂತಿರುವ ಉಕ್ಕಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂರತೊಡಗುತ್ತದೆ ಮತ್ತು ತುಕ್ಕಿನ ವೇಗ ಥಟ್ಟನೆ ಏರುತ್ತದೆ. ಸುಮಾರು 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗಿ ನೀರಾಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವುದನ್ನು ನಮ್ಮ ಅಡುಗೆಮನೆಗಳಲ್ಲಿ ಯಾರು ಕಂಡಿಲ್ಲ? ಬೆರಳಿನ ಗೆರೆಗಳಲ್ಲಿದ್ದ ಬೆವರಿನ ಉಪ್ಪು ಕತ್ತಿಯ ಮೇಲೆ ಅದನ್ನೇ ಮಾಡಿತ್ತು, ಗೆರೆಗೆರೆಯಾಗಿ ಉಪ್ಪುನೀರು ಕಟ್ಟಿಕೊಂಡು ಆ ಗೆರೆಗಳಲ್ಲೇ ಉಕ್ಕನ್ನು ತಿಂದಿತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಜುಲೈ ತಿಂಗಳ ಆರ್ದ್ರತೆ 90ರ ಸುತ್ತ ಸುಳಿದಾಡುತ್ತದೆ. ಅಂದರೆ ತುಕ್ಕು ಹುಟ್ಟುವ ಎರಡೂ ಗಡಿಗಳನ್ನು ನಾವು ತಿಂಗಳುಗಟ್ಟಲೆ ದಾಟಿಯೇ ಇರುತ್ತೇವೆ.

ಇದರ ಜೊತೆಗೆ ಒಂದು ಚಿಕ್ಕ ಲೆಕ್ಕವನ್ನೂ ಮಾಡಿ ನೋಡಬಹುದು, ಏಕೆಂದರೆ ಬಹಳ ಜನ ತಪ್ಪುವುದು ಇಲ್ಲೇ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಮಳೆಗಾಲದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಗಾಳಿ ಪೂರ್ತಿ ತುಂಬಿದರೂ ಹಿಡಿಯಬಲ್ಲ ತೇವ ಸುಮಾರು 20 ಮಿಲಿಗ್ರಾಂ ಮಾತ್ರ, ಅದರಲ್ಲೂ 18 ಮಿಲಿಗ್ರಾಂ ಈಗಾಗಲೇ ತುಂಬಿರುತ್ತದೆ. ಉಳಿದ ಜಾಗ ಎರಡೇ ಮಿಲಿಗ್ರಾಂ. ಆದ್ದರಿಂದ ಅಲಗಿನ ಮೇಲಿನ ಒಂದೇ ಒಂದು ಹನಿ ಆರಿಹೋಗಬೇಕಾದರೆ ಜುಲೈನಲ್ಲಿ ಇಪ್ಪತ್ತೈದು ಲೀಟರ್ ಗಾಳಿಯಾದರೂ ಅದರ ಮೇಲೆ ಹಾದುಹೋಗಬೇಕು. ಅದೇ ಹನಿ ಮಾರ್ಚ್ ತಿಂಗಳ 30 ಡಿಗ್ರಿಯ ಒಣ ಮಧ್ಯಾಹ್ನದಲ್ಲಿ ಎರಡೂವರೆ ಮೂರು ಲೀಟರ್ ಗಾಳಿಗೆ ಆರುತ್ತದೆ. ಹತ್ತು ಪಟ್ಟಿನ ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು, ರೇಜರಿನ ಜೊತೆ ಬರುವ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಯೋಚಿಸಿ. ಅದರೊಳಗೆ ಹಿಡಿಸುವುದು ಲೋಟದ ಅರ್ಧದಷ್ಟು ಗಾಳಿ. ತೇವವಿರುವ ರೇಜರನ್ನು ಜೋಪಾನ ಮಾಡುತ್ತಿದ್ದೇನೆ ಎಂದುಕೊಂಡು ಅದರಲ್ಲಿ ಮುಚ್ಚಿಟ್ಟರೆ ಆ ಹನಿ ಮುಚ್ಚಳ ತೆರೆಯುವವರೆಗೂ ಹಾಗೆಯೇ ಇರುತ್ತದೆ. ತೇವವಿರುವ ಅಲಗಿಗೆ ಮುಚ್ಚಿದ ಪೆಟ್ಟಿಗೆಗಿಂತ ಬರಿಯ ಗೋಡೆಯ ಮೊಳೆಯೇ ಮೇಲು.

ಇಷ್ಟೆಲ್ಲ ತುಕ್ಕಿಗೂ ಹರಿತಕ್ಕೂ ಏನು ಸಂಬಂಧ? ಕಣ್ಣಿಗೆ ಕಾಣುವಷ್ಟು ತುಕ್ಕು ಹಿಡಿಯುವ ಮೊದಲೇ ಎಷ್ಟೋ ಬ್ಲೇಡುಗಳನ್ನು ನಾವು ಎಸೆದುಬಿಡುತ್ತೇವಲ್ಲ ಎಂದು ಕೇಳಬಹುದು. ಸಂಬಂಧ ಇರುವುದು ಅಂಚಿನ ಅಳತೆಯಲ್ಲಿ. ಗಡ್ಡದ ಒಂದು ಕೂದಲಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಸಾಮಾನ್ಯ ಎರಡು ಬಾಯಿಯ ಬ್ಲೇಡಿನ ತಗಡಿನ ದಪ್ಪವೂ ಅಷ್ಟೇ. ಆದರೆ ಆ ತಗಡು ಅಂಚಿನ ಕಡೆಗೆ ಸವೆಯುತ್ತ ಹೋಗಿ ತುದಿ ತಲುಪುವಾಗ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟೇ ಉಳಿದಿರುತ್ತದೆ. ಮೆಟ್ಟುಗತ್ತಿಗೋ ಕೈಗತ್ತಿಗೋ ಬಂದ ತುಕ್ಕನ್ನು ನಾವು ಉಜ್ಜಿ ತೆಗೆದು ಕೆಲಸ ಮುಂದುವರಿಸುತ್ತೇವೆ, ಅಲ್ಲಿ ಕೆಳಗೆ ಸಾಕಷ್ಟು ಉಕ್ಕು ಬಾಕಿ ಇರುತ್ತದೆ. ಕ್ಷೌರದ ಅಲಗಿನ ತುದಿಯಲ್ಲಿ ಹಾಗೆ ಬಾಕಿ ಇರುವುದು ಏನೂ ಇಲ್ಲ. ಕಣ್ಣಿಗೆ ಕಾಣದಷ್ಟು ತುಕ್ಕು ಅಲ್ಲಿ ಹುಟ್ಟಿತೆಂದರೆ ಆ ತುದಿಯೇ ಹೋಯಿತು. ಹರಿತವೆಂದು ನಾವು ಕರೆಯುವುದು ಆ ತುದಿಯನ್ನೇ.

ಹಾಗೆಂದು ಬ್ಲೇಡು ಮೊಂಡಾಗುವುದೆಲ್ಲ ತುಕ್ಕಿನಿಂದಲೇ ಎಂದು ಹೇಳಿದರೆ ಅದು ಸರಿಯಾಗದು. 2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದುವಾದ ಕೂದಲು ಬ್ಲೇಡಿನ ಅಂಚನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡಿ ವಿವರಿಸಿತು. ಅಂಚು ನಿಧಾನವಾಗಿ ದುಂಡಗೆ ಸವೆಯುವುದಕ್ಕಿಂತ ಹೆಚ್ಚಾಗಿ, ಕೂದಲು ಬಾಗಿ ಓರೆಯಾಗಿ ಎದುರಾದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆಗಳಲ್ಲಿ ಅಂಚು ಚಿಕ್ಕ ಚಿಕ್ಕ ಚೂರುಗಳಾಗಿ ಮುಕ್ಕಾಗುತ್ತದೆ ಎಂಬುದು ಅವರು ಕಂಡುಕೊಂಡ ವಿಷಯ. ಆದ್ದರಿಂದ ಎಷ್ಟೇ ಒಣಗಿಸಿ ಇಟ್ಟರೂ ಬ್ಲೇಡು ಒಂದು ದಿನ ಮೊಂಡಾಗಲೇಬೇಕು. ಈ ಮುಕ್ಕನ್ನು ಕಡಿಮೆ ಮಾಡುವ ದಾರಿ ಎಂದರೆ ಕ್ಷೌರಕ್ಕೆ ಮೊದಲು ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ಗಡ್ಡವನ್ನು ಚೆನ್ನಾಗಿ ನೆನೆಸುವುದು, ಏಕೆಂದರೆ ನೀರು ಕುಡಿದ ಕೂದಲು ಮೆದುವಾಗುತ್ತದೆ. ಕೂದಲು ಮಾಡುವ ಮುಕ್ಕು ತಪ್ಪಿಸಲಾಗದ ಸವೆತ, ತುಕ್ಕು ತಪ್ಪಿಸಬಹುದಾದ ಸವೆತ. ಮುಂದಿನ ಮಾತುಗಳೆಲ್ಲ ಎರಡನೆಯದಕ್ಕೆ ಸೇರಿದವು.

ನಿಮ್ಮ ಕೈಯಲ್ಲಿರುವ ಅಲಗು ಯಾವ ಉಕ್ಕಿನದು ಎಂಬುದನ್ನು ಮೊದಲು ತಿಳಿಯಬೇಕು. ಹಳೆಯ ಮಡಚುವ ಕ್ಷೌರದ ಕತ್ತಿಗಳು, ಅದರಲ್ಲೂ ಹಿಂದೆ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಊರುಗಳಿಂದ ಬರುತ್ತಿದ್ದವು, ಬಹುಪಾಲು ಶೇಕಡಾ ಒಂದರ ಸುಮಾರು ಇಂಗಾಲವಿರುವ ಉಕ್ಕಿನವು. ಅವಕ್ಕೆ ಹರಿತ ಚೆನ್ನಾಗಿ ನಿಲ್ಲುತ್ತದೆ, ಆದರೆ ತುಕ್ಕಿನ ವಿರುದ್ಧ ಯಾವ ರಕ್ಷಣೆಯೂ ಇಲ್ಲ. ಇಂದಿನ ಬ್ಲೇಡುಗಳು ಬಹುತೇಕ ಸ್ಟೇನ್‌ಲೆಸ್ ಉಕ್ಕಿನವು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ರೂಪಿಸಿದ ಉಕ್ಕಿನ ವಂಶಕ್ಕೆ ಸೇರಿದ ಈ ಲೋಹದಲ್ಲಿ ಶೇಕಡಾ 13ರ ಆಸುಪಾಸು ಕ್ರೋಮಿಯಂ ಇದ್ದು, ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆಯೊಂದನ್ನು ಮೇಲೆ ಕಟ್ಟಿಕೊಳ್ಳುತ್ತದೆ. ಪೊರೆ ಗೀಚಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಸಿಗಬೇಕು. ನೊರೆ, ಕೂದಲಿನ ಚೂರು ಮತ್ತು ಉಪ್ಪು ಸೇರಿ ಸಂದಿಯಲ್ಲಿ ಮೆತ್ತಿಕೊಂಡರೆ ಅಲ್ಲಿ ಆಮ್ಲಜನಕ ತಲುಪದೆ, ಉಪ್ಪಿನ ಕ್ಲೋರೈಡ್ ಪೊರೆಯನ್ನು ಮುರಿದು, ಸೂಜಿಯ ಮೊನೆಯಂಥ ಗುಳಿಗಳು ಬೀಳುತ್ತವೆ. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ತುಕ್ಕೇ ಬಾರದು ಎಂದು ನಂಬಿದವರು ತಮ್ಮ ರೇಜರಿನ ತಲೆಯನ್ನು ಬಿಚ್ಚಿ, ಬ್ಲೇಡನ್ನು ಒತ್ತಿ ಹಿಡಿಯುವ ಭಾಗದ ಅಡಿಯನ್ನು ಒಮ್ಮೆ ಟಾರ್ಚು ಹಾಕಿ ನೋಡುವುದು ಒಳ್ಳೆಯದು.

ಇನ್ನು ದಿನನಿತ್ಯದ ಕ್ರಮಕ್ಕೆ ಬರೋಣ. ಕ್ಷೌರ ಮುಗಿದೊಡನೆ, ಮುಖ ತೊಳೆಯುವುದಕ್ಕೂ ಮೊದಲೇ, ಅಲಗನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು. ನೊರೆ ಒಣಗಿ ಮೆತ್ತಿಕೊಂಡ ಮೇಲೆ ಅದನ್ನು ಬಿಡಿಸಲು ಉಜ್ಜಬೇಕಾಗುತ್ತದೆ, ಉಜ್ಜಿದರೆ ಅಂಚಿಗೆ ಪೆಟ್ಟು. ಮನೆಗೆ ಅಬ್ಬಿ ನೀರು, ಅಂದರೆ ಗುಡ್ಡದ ಒರತೆಯಿಂದ ತಾನಾಗಿ ಹರಿದುಬರುವ ನೀರು, ಇರುವವರಿಗೆ ಇದು ಸುಲಭ, ಧಾರೆಯ ಕೆಳಗೆ ಹಿಡಿದರೆ ಸಾಕು. ಕೊನೆಯ ಬಾರಿ ಹಂಡೆಯ ಬಿಸಿನೀರನ್ನು ಒಂದು ತಂಬಿಗೆಯಷ್ಟು ಸುರಿಯುವುದು ಬಹಳ ಉಪಯುಕ್ತ, ಏಕೆಂದರೆ ಬಿಸಿಯಾದ ಲೋಹದ ಮೇಲಿನ ನೀರು ತಣ್ಣಗಿನ ಲೋಹದ ಮೇಲಿನದಕ್ಕಿಂತ ಎಷ್ಟೋ ಬೇಗ ಆರುತ್ತದೆ. ಆ ಬಳಿಕ ಬಲವಾಗಿ ಕೊಡವಬೇಕು. ಬಕೆಟ್ಟಿನ ಅಂಚಿಗೋ ಗೋಡೆಗೋ ಟಕಟಕನೆ ಬಡಿದು ಕೂದಲು ಉದುರಿಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು, ಅದನ್ನು ಬಿಡಲೇಬೇಕು. ಬಟ್ಟೆಯಿಂದ ಒರೆಸುವುದಾದರೆ ಅಂಚಿನ ಉದ್ದಕ್ಕೆ ಎಳೆಯದೆ, ಮಡಚುವ ಕತ್ತಿಯಾದರೆ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಬೇಕು, ಬಾಯಿಯಿಂದ ಬೆನ್ನಿನ ಕಡೆಗೆ ಎಂದೂ ಅಲ್ಲ. ಸಣ್ಣ ಬ್ಲೇಡಾದರೆ ಒಣಬಟ್ಟೆಯ ಮೇಲೆ ಒತ್ತಿ ತೇವ ಹೀರಿಸಿದರೆ ಸಾಕು. ಆ ಬಟ್ಟೆ ನಿಜವಾಗಿಯೂ ಒಣಗಿದೆಯೇ ಎಂಬುದನ್ನೂ ಮಳೆಗಾಲದಲ್ಲಿ ಕೇಳಿಕೊಳ್ಳಬೇಕಾಗುತ್ತದೆ. ನನ್ನ ಟವೆಲ್ಲು ಎರಡು ವಾರದಿಂದ ಸರಿಯಾಗಿ ಆರಿರಲಿಲ್ಲ.

ಇಲ್ಲಿ ನನ್ನ ಅನುಭವದಲ್ಲಿ ಅತ್ಯಂತ ಫಲ ಕೊಟ್ಟದ್ದು ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್. ಅದು ನೀರಿನೊಡನೆ ಬೆರೆಯುತ್ತದೆ ಮತ್ತು ನೀರಿಗಿಂತ ಬೇಗ ಆವಿಯಾಗುತ್ತದೆ. ಬಟ್ಟೆ ಹೋಗಲಾರದ ಸಂದಿಗಳಲ್ಲಿ ಉಳಿದ ನೀರನ್ನು ಹೊರಗೆಳೆದು ತನ್ನೊಂದಿಗೆ ಒಯ್ಯುತ್ತದೆ. ಚಿಕ್ಕ ಬಟ್ಟಲಿನಲ್ಲಿ ಅರ್ಧ ಬೆರಳಿನಷ್ಟು ಸ್ಪಿರಿಟ್ ಹಾಕಿ ರೇಜರಿನ ತಲೆಯನ್ನು ಒಮ್ಮೆ ಅದ್ದಿ ತೆಗೆದರೆ, ಆಗುಂಬೆಯ ಮಳೆಯಲ್ಲೂ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಹಂಡೆಯೊಲೆಯಲ್ಲಿ ಬೆಂಕಿಯಿರುವಾಗ ಈ ಕೆಲಸವನ್ನು ಬಚ್ಚಲಿನಲ್ಲಿ ಮಾಡಬಾರದು, ಸ್ಪಿರಿಟ್ಟಿನ ಆವಿಗೆ ಬೆಂಕಿ ಹತ್ತುತ್ತದೆ.

ಇಡುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಬಚ್ಚಲಿನಲ್ಲಿ ಇಡಬೇಡಿ. ಬೆಳಗಿನ ಹೊತ್ತು ಹಂಡೆ ಕಾದು ಕೋಣೆ ಹಬೆಯಿಂದ ತುಂಬಿದಾಗ ರಾತ್ರಿಯ ಥಂಡಿಯಲ್ಲಿ ತಣ್ಣಗಾಗಿದ್ದ ಲೋಹದ ಮೇಲೆ ಹಬೆ ಬೆವರಿನಂತೆ ಕೂರುತ್ತದೆ, ಹಿಂದಿನ ದಿನ ನೀವು ಎಷ್ಟೇ ಶ್ರದ್ಧೆಯಿಂದ ಒಣಗಿಸಿದ್ದರೂ ಅದು ಹೋಯಿತು. ಹಾಗಾದರೆ ಮನೆಯಲ್ಲಿ ಸದಾ ಒಣಗಿರುವ ಜಾಗ ಅಡುಗೆಯೊಲೆಯ ಮೇಲಿನ ಅಟ್ಟವಲ್ಲವೇ, ಬಿತ್ತನೆಯ ಬೀಜವನ್ನೂ ಕಂಬಳಿಯನ್ನೂ ಅಲ್ಲೇ ಕಾಪಾಡುತ್ತಿದ್ದರಲ್ಲ ಎನ್ನಬಹುದು. ಒಣಗಿರುವುದು ನಿಜ, ಆದರೆ ಕಟ್ಟಿಗೆಯ ಹೊಗೆಯಲ್ಲಿ ಅಸಿಟಿಕ್ ಆಮ್ಲವೂ ಇರುತ್ತದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಇದ್ದಿಲಿಗಾಗಿ ಮರವನ್ನು ಬಟ್ಟಿಯಿಳಿಸುವಾಗ ಅಸಿಟೇಟುಗಳನ್ನು ಉಪ ಉತ್ಪನ್ನವಾಗಿ ತೆಗೆಯುತ್ತಿದ್ದುದು ಈ ಹೊಗೆಯಿಂದಲೇ. ಬೀಜಕ್ಕೆ ಒಳ್ಳೆಯದು ಮಾಡುವ ಹೊಗೆ ಬರಿಯ ಉಕ್ಕಿನ ಅಲಗಿಗೆ ಒಳ್ಳೆಯದಲ್ಲ. ಮಲಗುವ ಕೋಣೆಯ ಬೀರುವಿನ ಮೇಲಿನ ಅಂಕಣ ಅಥವಾ ಹೊಗೆಯಿಲ್ಲದ ಒಳಗೋಡೆಯ ಗೂಡು ಉತ್ತಮ. ಬೀರುವಿನೊಳಗೆ ಚಿಕ್ಕ ಬಲ್ಬು ಉರಿಸಿಡುವ ಹಳೆಯ ಉಪಾಯಕ್ಕೂ ಆಧಾರವಿದೆ: 22 ಡಿಗ್ರಿಯ, 90ರ ಆರ್ದ್ರತೆಯ ಗಾಳಿಯನ್ನು ಐದು ಡಿಗ್ರಿಯಷ್ಟು ಬಿಸಿ ಮಾಡಿದರೆ, ಒಂದು ತೊಟ್ಟು ನೀರನ್ನೂ ತೆಗೆಯದೆ, ಅದರ ಆರ್ದ್ರತೆ 67ರ ಸುಮಾರಿಗೆ ಇಳಿಯುತ್ತದೆ. ಬಟ್ಟೆ ಕಾಗದ ಬಲ್ಬಿಗೆ ತಾಗದಂತೆ ನೋಡಿಕೊಳ್ಳಬೇಕು.

ಪೂರ್ತಿ ಒಣಗಿದ ಅಲಗಿಗೆ ಮಾತ್ರ ಮುಚ್ಚಿದ ಡಬ್ಬಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಬಿಗಿ ಮುಚ್ಚಳದ ಒಂದು ಲೀಟರ್ ಡಬ್ಬಿಯಲ್ಲಿ ಹತ್ತು ಗ್ರಾಂ ಸಿಲಿಕಾ ಜೆಲ್, ಅಂದರೆ ಚಪ್ಪಲಿ, ಚೀಲಗಳ ಪೆಟ್ಟಿಗೆಯಲ್ಲಿ ಬರುವಂಥ ಪೊಟ್ಟಣಗಳು ಕೆಲವು, ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು, ಅಂದರೆ ಸುಮಾರು ಮೂರು ಗ್ರಾಂ ತೇವವನ್ನು ಹೀರಬಲ್ಲದು. ದಿನಕ್ಕೊಮ್ಮೆ ಮುಚ್ಚಳ ತೆರೆದಾಗ ಒಳಬರುವ ತೇವ 18 ಮಿಲಿಗ್ರಾಂ ಮಾತ್ರವಾದ್ದರಿಂದ ಅದು ಇಡೀ ಮಳೆಗಾಲ ಬಾಳುತ್ತದೆ. ಆದರೆ ದಿನವೂ ರೇಜರನ್ನು ಎರಡು ಹನಿ ನೀರಿನ ಸಮೇತ ಇಟ್ಟರೆ ಒಂದೇ ತಿಂಗಳಿಗೆ ತುಂಬಿಹೋಗುತ್ತದೆ. ತುಂಬಿದ ಮಣಿಗಳನ್ನು ಪೊಟ್ಟಣದಿಂದ ಬಿಡಿಸಿ, ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತವೆ. ಬಣ್ಣ ಬದಲಿಸುವ ಮಣಿಗಳನ್ನು ಕೊಳ್ಳುವುದಾದರೆ ನೀಲಿಯವನ್ನು ಬಿಟ್ಟು ಕಿತ್ತಳೆ ಬಣ್ಣದವನ್ನು ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುತ್ತದೆ. ಇನ್ನೂ ತೆರೆಯದ ಬ್ಲೇಡಿನ ಪಟ್ಟಿಗಳನ್ನೂ ಇದೇ ಡಬ್ಬಿಯಲ್ಲಿಡಬಹುದು, ಅವುಗಳ ರಟ್ಟಿನ ಹೊದಿಕೆ ಮಳೆಗಾಲದಲ್ಲಿ ಹಪ್ಪಳದಂತೆ ತೇವ ಹೀರುತ್ತದೆ. ಚರ್ಮದ ಚೀಲದಲ್ಲಿ ಅಲಗನ್ನು ಎಂದೂ ಇಡಬಾರದು.

ಎಣ್ಣೆಯ ವಿಚಾರದಲ್ಲಿ ಮನೆಮನೆಗೊಂದು ಮಾತಿದೆ. ದಿನವೂ ಬಳಸುವ ಸ್ಟೇನ್‌ಲೆಸ್ ಬ್ಲೇಡಿಗೆ ಎಣ್ಣೆಯ ಅಗತ್ಯವೇ ಇಲ್ಲ. ವಾರಗಟ್ಟಲೆ ಮುಟ್ಟದೆ ಇಡುವ ಇಂಗಾಲದ ಉಕ್ಕಿನ ಕತ್ತಿಗೆ ಅದು ಕಡ್ಡಾಯ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಅಥವಾ ವ್ಯಾಸಲೀನ್ ಎರಡೂ ಖನಿಜ ಮೂಲದವಾದ್ದರಿಂದ ಕೆಡುವುದಿಲ್ಲ, ಅಂಟಾಗುವುದಿಲ್ಲ. ಬಟ್ಟೆಗೆ ಎರಡು ತೊಟ್ಟು ಹಾಕಿ, ಕೊನೆಗೆ ಒಣ ಬಟ್ಟೆಯಿಂದ ಒರೆಸಿದರೂ ಉಳಿಯುವಷ್ಟು ತೆಳುವಾದ ಪೊರೆ ಸಾಕು. ಕೊಬ್ಬರಿ ಎಣ್ಣೆ ಉಪಯೋಗಿಸುವವರೇ ನಮ್ಮಲ್ಲಿ ಹೆಚ್ಚು. ಅದು ಅಗಸೆ ಎಣ್ಣೆಯಂತೆ ಗಟ್ಟಿಯಾಗಿ ಅಂಟುವುದಿಲ್ಲವಾದ್ದರಿಂದ ಕೆಲವು ದಿನಗಳ ಮಟ್ಟಿಗೆ ತೊಂದರೆಯಿಲ್ಲ. ಆದರೆ ಹಳತಾದಂತೆ ಅದರಲ್ಲಿ ಕೊಬ್ಬಿನ ಆಮ್ಲಗಳು ಬಿಡುಗಡೆಯಾಗಿ ಹಿಡಿಯ ಹಿತ್ತಾಳೆಯ ಕೀಲಿಗೆ ಹಸಿರು ಕಿಲುಬು ಹಿಡಿಸುತ್ತವೆ, ಮತ್ತು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಮಳೆಗಾಲ ಚಳಿಗಾಲಗಳಲ್ಲಿ ಪೊರೆಯಾಗಿ ಹರಡದೆ ಬಿಳಿಯ ಚುಕ್ಕೆಗಳಾಗಿ ನಿಲ್ಲುತ್ತದೆ.

ಕಾರ್ಟ್ರಿಜ್ ರೇಜರಿನ ಬಗ್ಗೆ ಹೇಳಬೇಕಾದದ್ದು ಕಡಿಮೆ: ಹಿಂಬದಿಯಿಂದ ನೀರು ಹಾಯಿಸಿ ಸಂದಿಗಳ ಕೂದಲು ತೆಗೆದು, ಕೊಡವಿ, ತಲೆ ಮೇಲಾಗಿ ನಿಲ್ಲಿಸಿ. ಎರಡು ಬಾಯಿಯ ಬ್ಲೇಡಿನ ರೇಜರಾದರೆ ತೊಳೆದ ಮೇಲೆ ಹಿಡಿಯನ್ನು ಅರ್ಧ ಸುತ್ತು ಸಡಿಲಿಸಿ ಇಟ್ಟರೆ ಬ್ಲೇಡಿನ ಅಡಿಯ ನೀರು ಇಳಿದುಹೋಗುತ್ತದೆ. ಮರುದಿನ ಮರೆಯದೆ ಬಿಗಿ ಮಾಡಬೇಕು, ಸಡಿಲ ಬ್ಲೇಡು ಮುಖ ಕೊಯ್ಯುತ್ತದೆ. ಇಂಥ ರೇಜರುಗಳಲ್ಲಿ ಹಲವು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಕ್ರೋಮಿಯಂ ಲೇಪ ಕೊಟ್ಟವು. ಲೇಪ ಎದ್ದ ಜಾಗದಲ್ಲಿ ಒಳಗಿನ ಸತು ಬೂದು ಪುಡಿಯಾಗಿ ಕೊರೆದುಹೋಗುವುದರಿಂದ ಅವನ್ನು ನೀರಿನ ಲೋಟದಲ್ಲಿ ನೆನೆಹಾಕಿ ಬಿಡಬಾರದು.

ಮಡಚುವ ಕತ್ತಿಯ ಆರೈಕೆ ಬೇರೆಯದೇ ಕೆಲಸ, ಅದನ್ನು ಪ್ರೀತಿಯಿಂದ ಮಾಡುವವರಿಗೆ ಮಾತ್ರ ಆ ಕತ್ತಿ ಒಲಿಯುತ್ತದೆ. ಬಳಸುವ ಮುನ್ನ ಚರ್ಮದ ಪಟ್ಟಿಯ ಮೇಲೆ ಮೂವತ್ತು ನಲವತ್ತು ಬಾರಿ, ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಎಳೆಯಬೇಕು. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು, ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯೂ ಕತ್ತಿಯೂ ಎರಡೂ ಕೆಡುತ್ತವೆ. ಕ್ಷೌರವಾದ ಮೇಲೆ ಒರೆಸಿ, ಒಣ ನಾರುಬಟ್ಟೆಯ ಪಟ್ಟಿಯ ಮೇಲೆ ಹತ್ತು ಬಾರಿ ಎಳೆದರೆ ಅಂಚಿನಲ್ಲಿ ಉಳಿದ ತೇವವೂ ಹೋಗುತ್ತದೆ. ಚರ್ಮದ ಪಟ್ಟಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ನಮ್ಮಲ್ಲಿ ಖಾಯಂ. ಬೂಷ್ಟು ಹಿಡಿದ ಪಟ್ಟಿಯ ಮೇಲೆ ಕತ್ತಿ ಎಳೆದರೆ ತೇವವನ್ನೇ ಅಂಚಿಗೆ ಬಳಿದಂತೆ, ಆದ್ದರಿಂದ ಅದನ್ನು ಗಾಳಿಯಾಡುವ ಒಳಗೋಡೆಗೆ ತೂಗುಹಾಕಬೇಕು. ಹಳೆಯ ಕತ್ತಿಯ ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದಾಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು: ಆ ಪದಾರ್ಥ ಹಳತಾಗಿ ಶಿಥಿಲವಾಗುವಾಗ ಹೊರಬರುವ ಆಮ್ಲದ ಆವಿ, ಮಡಚಿಟ್ಟ ಅಲಗಿನ ಮೇಲೆ ಹಿಡಿಯೊಳಗೆ ಅಡಗಿರುವಷ್ಟೇ ಭಾಗಕ್ಕೆ ತುಕ್ಕು ಬರಿಸುತ್ತದೆ. ಅಂಥ ಕತ್ತಿಯನ್ನು ಅರ್ಧ ಬಿಚ್ಚಿ, ಬಾಯಿಗೆ ಯಾರ ಕೈಯೂ ತಾಗದ ಎತ್ತರದಲ್ಲಿ ಇಡಬೇಕು. ಮಳೆ ಹಿಂದೆ ಸರಿಯುವ ಹೊತ್ತಿಗೆ ಬರುವ ಆಯುಧಪೂಜೆ ಈ ಎಲ್ಲವನ್ನೂ ಬಿಚ್ಚಿ ಕೀಲಿಗೆ ಎಣ್ಣೆ ಬಿಟ್ಟು ತಪಾಸಣೆ ಮಾಡಲು ತಕ್ಕ ದಿನ. ಆದರೆ ಅಲಗಿಗೆ ಹಚ್ಚಿದ ಅರಿಶಿನ ಕುಂಕುಮವನ್ನು ಪೂಜೆ ಮುಗಿದ ಮೇಲೆ ಒರೆಸಿ ತೆಗೆಯಬೇಕು, ಹಸಿಯಾದ ಪುಡಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕ್ಷೌರದಂಗಡಿ ನಡೆಸುವವರಿಗೂ ಎರಡು ಮಾತು ಹೇಳಬೇಕೆನಿಸುತ್ತದೆ. ಈಗ ಗಿರಾಕಿಗೊಂದರಂತೆ ಅರ್ಧ ಬ್ಲೇಡು ಮುರಿದು ಹಾಕುವ ಪದ್ಧತಿ ಬಂದಿರುವುದು ಒಳ್ಳೆಯದೇ ಆದರೂ, ಆ ಬ್ಲೇಡನ್ನು ಹಿಡಿಯುವ ಉಕ್ಕಿನ ಹಿಡಿ ವರ್ಷಗಟ್ಟಲೆ ಅದೇ ಇರುತ್ತದೆ. ನಮ್ಮ ರಾಜ್ಯದಲ್ಲಿ ರೂಢಿಯಂತೆ ಮಂಗಳವಾರ ಅಂಗಡಿಗೆ ರಜೆ. ಸೋಮವಾರ ರಾತ್ರಿ ಹಾಗೆಯೇ ಬಿಟ್ಟ ಹಿಡಿಯ ಸಂದಿಯಲ್ಲಿ ಬುಧವಾರ ಬೆಳಗಿನವರೆಗೆ ಒಂದೂವರೆ ದಿನ ಉಪ್ಪುನೀರು ನಿಂತಿರುತ್ತದೆ. ಸೋಮವಾರ ಮುಚ್ಚುವ ಮುನ್ನ ಬ್ಲೇಡು ತೆಗೆದು, ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಸ್ಪಿರಿಟ್ಟಿನಲ್ಲಿ ಅದ್ದಿಟ್ಟರೆ ಅದು ತಪ್ಪುತ್ತದೆ. ಶುದ್ಧೀಕರಣಕ್ಕೆಂದು ಬ್ಲೀಚಿಂಗ್ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಡುವುದರಿಂದ ಸ್ಟೇನ್‌ಲೆಸ್ ಉಕ್ಕಿಗೂ ಗುಳಿ ಬೀಳುತ್ತದೆ. ಅಗತ್ಯವಿದ್ದಷ್ಟು ನಿಮಿಷ ಮಾತ್ರ ಇಟ್ಟು ಚೆನ್ನಾಗಿ ತೊಳೆದು ಒಣಗಿಸಬೇಕು. ಹಾಗೆಯೇ ಗಾಯಕ್ಕೆ ಉಜ್ಜುವ ಪಟಿಕದ ಕಲ್ಲನ್ನು ಕತ್ತಿಯ ತಟ್ಟೆಯಲ್ಲೇ ಇಡುವ ಅಭ್ಯಾಸವೂ ಬೇಡ, ಪಟಿಕದ ನೀರು ಆಮ್ಲೀಯ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಬಲ್ಲದಾದ್ದರಿಂದ ಮನೆಯಲ್ಲೂ ಒಬ್ಬರ ರೇಜರನ್ನು ಮತ್ತೊಬ್ಬರು ಬಳಸಬಾರದು, ತಂದೆ ಮಕ್ಕಳೇ ಆಗಿದ್ದರೂ.

ತುಕ್ಕು ಬಂದೇ ಬಿಟ್ಟರೆ? ಬಿಸಾಡುವ ಬ್ಲೇಡಾದರೆ ಬಿಸಾಡಿ, ಅದನ್ನು ಉಳಿಸುವ ಪ್ರಯತ್ನ ಬೇಡ. ತುಕ್ಕೇ ಧನುರ್ವಾಯು ತರುತ್ತದೆ ಎಂಬ ನಂಬಿಕೆ ತಪ್ಪು, ಆ ರೋಗದ ಬೀಜಾಣುಗಳಿರುವುದು ಮಣ್ಣಿನಲ್ಲಿ ಮತ್ತು ಸಗಣಿಯಲ್ಲಿ. ಆದ್ದರಿಂದಲೇ ಹಳೆಯ ಬ್ಲೇಡನ್ನು ಗೊಬ್ಬರದ ಗುಂಡಿಗೆ ಎಸೆಯುವುದು ಅತ್ಯಂತ ಕೆಟ್ಟ ಕೆಲಸ. ಮುಂದಿನ ವರ್ಷ ಆ ಗೊಬ್ಬರವನ್ನು ಬರಿಗೈಯಲ್ಲಿ ತುಂಬಿ, ಬರಿಗಾಲಿನಲ್ಲಿ ತೋಟಕ್ಕೆ ಹೊರುವವರ ಕಾಲು ಕೊಯ್ಯುವುದು ಅದೇ ಬ್ಲೇಡು. ಹಳೆಯ ಮುಚ್ಚಿದ ತಗಡಿನ ಡಬ್ಬಿಯ ನೆತ್ತಿಗೆ ಕಿರಿದಾದ ಸೀಳು ಮಾಡಿ ಅದರೊಳಗೆ ಹಾಕುತ್ತ ಹೋಗಿ, ತುಂಬಿದ ಮೇಲೆ ಸೀಳನ್ನು ಬಡಿದು ಮುಚ್ಚಿ, ಒಳಗಿರುವುದು ಬ್ಲೇಡು ಎಂದು ಮೇಲೆ ಬರೆದು, ಕಸ ಒಯ್ಯುವವರ ಕೈಗೆ ಹೇಳಿಯೇ ಕೊಡಬೇಕು.

ಉಳಿಸಬೇಕಾದ ಕತ್ತಿಗೆ ಹುಣಸೆಹಣ್ಣು, ನಿಂಬೆಹುಳಿ ಉಜ್ಜುವ ಪದ್ಧತಿ ನಮ್ಮಲ್ಲಿದೆ. ಆ ಹುಳಿಗಳು ತುಕ್ಕನ್ನು ಕರಗಿಸುವುದೇನೋ ನಿಜ, ಆದರೆ ಕೆಳಗಿನ ಉಕ್ಕನ್ನೂ ಬಿಡುವುದಿಲ್ಲ. ಕತ್ತಿಯ ಬೆನ್ನಿಗೂ ಬಾಲಕ್ಕೂ ಒಂದೆರಡು ನಿಮಿಷ ಹಚ್ಚಿ ಕೂಡಲೇ ತೊಳೆಯಬಹುದು. ಬಾಯಿಯ ಹತ್ತಿರ ಅದನ್ನು ತರಬಾರದು. ಅಲ್ಲಿಗೆ ನುಣುಪಾದ ಲೋಹದ ಪಾಲಿಶ್ಶನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಬೆನ್ನಿನಿಂದ ಬಾಯಿಯ ಕಡೆಗೆ ತಾಳ್ಮೆಯಿಂದ ಉಜ್ಜುವುದೊಂದೇ ದಾರಿ. ನೀಲಿ ಬೂದು ಬಣ್ಣದ ಮಚ್ಚೆಗಳು ಕಂಡರೆ ಅವನ್ನು ಕೆರೆಯಬೇಕಾಗಿಲ್ಲ, ಅದು ಗಟ್ಟಿಯಾಗಿ ಅಂಟಿಕೊಂಡು ನಿಲ್ಲುವ ಬೇರೆ ಬಗೆಯ ಆಕ್ಸೈಡು, ಕೆಂಪು ತುಕ್ಕಿನಂತೆ ಒಳಗೊಳಗೆ ಕೊರೆಯುವುದಿಲ್ಲ.

ಅಜ್ಜನ ಕತ್ತಿಯ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಾನು ಎರಡು ಸಂಜೆ ಕುಳಿತು ಹೀಗೆಯೇ ತೆಗೆದೆ. ಗೆರೆಗಳೆಲ್ಲ ಹೋದವು. ಗಡಿಯಾರ ರಿಪೇರಿಯವರ ಭೂತಗನ್ನಡಿ ಹಿಡಿದು ನೋಡಿದರೆ ಒಂದೇ ಒಂದು ಗುಳಿ ಮಾತ್ರ, ಸಾಸಿವೆಯ ಹತ್ತನೆಯ ಒಂದು ಭಾಗದಷ್ಟು, ಬಾಯಿಯಿಂದ ಸುಮಾರು ಎರಡು ಮಿಲಿಮೀಟರ್ ಒಳಗೆ ಇನ್ನೂ ಇದೆ. ಸದ್ಯಕ್ಕೆ ಅದರಿಂದ ಕ್ಷೌರಕ್ಕೆ ಅಡ್ಡಿಯಿಲ್ಲ, ಆದರೆ ಮಸೆದಂತೆಲ್ಲ ಬಾಯಿ ಹಿಂದೆ ಸರಿಯುತ್ತ ಒಂದು ದಿನ ಆ ಗುಳಿಯನ್ನು ಮುಟ್ಟುತ್ತದೆ, ಆಗ ಅಲ್ಲಿ ಒಂದು ಮುಕ್ಕು ಕಾಣಿಸಿಕೊಳ್ಳುತ್ತದೆ. ಕತ್ತಿ ಈಗ ಬಚ್ಚಲು ಬಿಟ್ಟು ಒಳಕೋಣೆಯ ಬೀರುವಿನಲ್ಲಿ, ಎಣ್ಣೆಯ ತೆಳುಪೊರೆ ಹೊದ್ದು, ಕಿತ್ತಳೆ ಮಣಿಗಳ ಡಬ್ಬಿಯಲ್ಲಿದೆ.